ಎತ್ತಿಗೆ ಸೋಮವಾರ



ನಾನು ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನವನು. ನಾನು ಸಣ್ಣವನಿದ್ದಾಗ ನಮ್ಮ ಮನೆಯಲ್ಲಿ ಒಂದು ಜೋಡಿ ಎತ್ತು ಇದ್ದವು. ಸೋಮವಾರ ಬಂತೆಂದರೆ ಅವುಗಳ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಸೋಮವಾರ ಬಸವಣ್ಣನ ವಾರ. ಬಿತ್ತುವ ಹದ ಜಾರಿ ಹೋಗುತ್ತಿದ್ದರೂ, ಪಕ್ಕದ ಹೊಲದವರ ಕೂರಿಗೆ ಅರ್ಧ ಕೆಲಸ ಮುಗಿಸಿದ್ದರೂ ಅಪ್ಪ ಆ ದಿನ ಎತ್ತು ಹೂಡುತ್ತಿರಲಿಲ್ಲ. ಒಮ್ಮೆ ನಾನು ಕೇಳಿದೆ, ಒಂದು ದಿನ ಹೂಡಿದರೆ ಏನಾಗುತ್ತದೆ ಎಂದು. "ಅವಕ್ಕ ಬಾಯಿಲ್ಲಪಾ. ಇವತ್ತ ನನ್ ಕಡಿಂದ ಆಗೂದಿಲ್ಲ ಅಂತ ಹೇಳಾಕ ಬರೂದಿಲ್ಲ. ಅದಕ್ಕ ಹಿರ್ಯಾರು ಒಂದ್ ದಿನಾ ಕಟ್ಟಿಟ್ಟಾರ" ಎಂದರು.

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮಪ್ಪ ದೊಡ್ಡ ಮನುಷ್ಯ ಎಂದು ನೀವು ತಿಳಿಯುತ್ತೀರಿ. ಪೂರ್ತಿ ಹೇಳಬೇಕು. ಅದೇ ಸೋಮವಾರ ನಮ್ಮ ಮನೆಯಲ್ಲಿ ಸಂಬಳಕ್ಕಿದ್ದ ಆಳು ಬೆಳಗಿನ ಜಾವವೇ ಬರುತ್ತಿದ್ದ. ಸಗಣಿ ಬಾಚಿ, ಎತ್ತುಗಳ ಮೈ ತೊಳೆದು, ಮೇವು ತಂದು ಹಾಕಿ, ಸಂಜೆ ತಿಪ್ಪೆ ಹಸನು ಮಾಡಿ ಮನೆಗೆ ಹೋಗುತ್ತಿದ್ದ. ಎತ್ತಿನ ಸೋಮವಾರ ನಡೆಸಿಕೊಡುವವನು ಅವನೇ. ಅವನಿಗೆ ಬಾಯಿ ಇತ್ತಲ್ಲ, ಬೇಕಾದರೆ ಕೇಳುತ್ತಾನೆ ಎಂದು ನಮ್ಮ ಮನೆಯವರು ತಿಳಿದಿರಬೇಕು. ಅವನು ಕೇಳಿದ್ದನ್ನು ನಾನು ಕಂಡಿಲ್ಲ.

ದುಡಿಯುವ ಜಾಗದಲ್ಲಿ ಮನಸ್ಸಿನ ಆರೋಗ್ಯ ಎಂಬ ವಿಷಯದ ಮೇಲೆ ಮಾತಾಡಬೇಕು ಎಂದಾಗ ನನಗೆ ಮೊದಲು ನೆನಪಾದದ್ದು ಇದೇ ಮಾತು: 'ಆಗೂದಿಲ್ಲ'. ಬಾಯಿದ್ದೂ ಅದನ್ನು ಹೇಳಲಾಗದವರು ಎಷ್ಟು ಜನ.

ಈ ಮಾತಿಗೆಂದು ಇಲ್ಲಿಗೆ ಹೊರಟಾಗ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಗೆಳೆಯ ಸಿಕ್ಕ. ಎಲ್ಲಿಗೆ ಹೊಂಟಿ ಎಂದ. ಧಾರವಾಡಕ್ಕ ಎಂದೆ. "ಅಂತೂ ಹ್ವಾದೆಲ್ಲಪಾ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಹಾವೇರಿ, ಗದಗ, ಹುಬ್ಬಳ್ಳಿ ಕಡೆಯವರಿಗೆ ಈ ನಗೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. 1845ರಷ್ಟು ಹಿಂದೆ ಬ್ರಿಟಿಷರ ಕಾಲದಲ್ಲಿ ಶುರುವಾದ ಹುಚ್ಚರ ಆಸ್ಪತ್ರೆ ಧಾರವಾಡದಲ್ಲಿದೆ. ಈಗ ಅದು ಡಿಮ್ಹಾನ್ಸ್. ಓದಿದ ವೈದ್ಯರಿದ್ದಾರೆ, ಹೊರರೋಗಿಗಳ ಸಾಲು ಇರುತ್ತದೆ, ಬಂದವರಲ್ಲಿ ಬಹಳ ಜನ ಗುಳಿಗೆ ಬರೆಸಿಕೊಂಡು ಸಂಜೆ ಬಸ್ಸಿಗೆ ಊರಿಗೆ ಮರಳುತ್ತಾರೆ. ಆದರೆ ನಮ್ಮ ಬಾಯಲ್ಲಿ ಧಾರವಾಡಕ್ಕೆ ಕಳಿಸುವುದು ಎಂದರೆ ಇನ್ನೂ ಅದೇ ಹಳೆಯ ಅರ್ಥ. ಪೇಢೆಯ ಊರಿಗೆ, ವಿದ್ಯೆಯ ಊರಿಗೆ ಇದು ಅನ್ಯಾಯ, ಇರಲಿ. ಈ ನಗೆಗೆ ಅಂಜಿ ಎಷ್ಟು ಜನ ನಿದ್ದೆ ಬಾರದ ರಾತ್ರಿಗಳನ್ನು ಒಳಗೇ ನುಂಗಿಕೊಂಡಿದ್ದಾರೋ.

'ಖಿನ್ನತೆ' ಎಂಬ ಪದವನ್ನು ನಾನು ಪತ್ರಿಕೆಯಲ್ಲಿ ಓದಿದ್ದೇನೆ, ನಮ್ಮೂರಿನ ಕಟ್ಟೆಯ ಮೇಲೆ ಒಮ್ಮೆಯೂ ಕೇಳಿಲ್ಲ. ಅಲ್ಲಿ ಕೇಳುವುದು ಬೇರೆ: ಬ್ಯಾಸರಾಗೈತಿ. ಎದಿ ಡವಡವ ಅಂತೈತಿ. ಕೈಕಾಲಾಗ ಕಸುವಿಲ್ಲ. ಉಂಡ ಕೂಳು ಮೈಗೆ ಹತ್ತವಲ್ದು. ತಲಿ ಜಡ್ಡಾಗೈತಿ. ಇವನ್ನು ಕೇಳಿದ ಮಾಲೀಕ ಒಂದು ತಲೆನೋವಿನ ಗುಳಿಗೆ ಕೊಡಿಸುತ್ತಾನೆ, ಇಲ್ಲವೇ ಕಳ್ಳಾಟ ಎನ್ನುತ್ತಾನೆ. ಮನಸ್ಸಿನ ದಣಿವು ನಮ್ಮ ಕಡೆ ಮೈಯ ಭಾಷೆಯಲ್ಲಿ ಮಾತಾಡುತ್ತದೆ. ಇಷ್ಟು ತಿಳಿದ ಮೇಸ್ತ್ರಿ ಇದ್ದರೆ ಅರ್ಧ ಕೆಲಸ ಆದಂತೆ. ನಾನು ಅಂಥ ಮೇಸ್ತ್ರಿ ಆಗಿರಲಿಲ್ಲ. ಅದನ್ನೇ ಈಗ ಹೇಳುತ್ತೇನೆ.

ನಾನು ಬ್ಯಾಂಕಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಇದ್ದೆ. ಕಡೆಯ ಕೆಲವು ವರ್ಷ ಒಂದು ಶಾಖೆಯ ಮ್ಯಾನೇಜರ್. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000ದ ನೋಟು ನಡೆಯುವುದಿಲ್ಲ ಎಂಬ ಘೋಷಣೆ ಬಂತು. 9ಕ್ಕೆ ಬ್ಯಾಂಕು ಮುಚ್ಚಿ, 10ರ ಗುರುವಾರ ಬಾಗಿಲು ತೆಗೆದೆವು. ಎರಡನೆಯ ಶನಿವಾರವಿಲ್ಲ, ಭಾನುವಾರವಿಲ್ಲ. ಜನ ಬೆಳಗಿನ ಚಹಾಕ್ಕೂ ಮೊದಲೇ ಬಾಗಿಲಲ್ಲಿ ಸಾಲು ನಿಂತಿರುತ್ತಿದ್ದರು. ಮಗಳ ಮದುವೆ ಗೊತ್ತಾದವರು, ಹತ್ತಿ ಮಾರಿದ ಹಣವನ್ನು ಡಬ್ಬಿಯಲ್ಲಿ ಇಟ್ಟಿದ್ದ ಮುದುಕಿಯರು. ಅವರ ಸಿಟ್ಟು ದಿಲ್ಲಿಯ ಮೇಲೆ ಇದ್ದೀತು, ಬೈಗುಳ ಬೀಳುತ್ತಿದ್ದದ್ದು ನಮ್ಮ ಕೌಂಟರಿನ ಗಾಜಿನ ಮೇಲೆ.

ನಮ್ಮಲ್ಲಿ ಹನ್ನೊಂದು ಜನ ಸಿಬ್ಬಂದಿ. ನಗದು ಕೌಂಟರಿನಲ್ಲಿ ಒಬ್ಬ ಕ್ಯಾಷಿಯರ್, ಮೆದು ಮಾತಿನ ಮನುಷ್ಯ. ನಗದು ಕಡಿಮೆ ಬಂದರೆ ಕ್ಯಾಷಿಯರ್ ತನ್ನ ಕೈಯಿಂದ ತುಂಬಬೇಕು, ಅದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಎರಡನೆಯ ವಾರ ಒಂದು ದಿನ ಅವರ ಲೆಕ್ಕದಲ್ಲಿ ಮೂರು ಸಾವಿರ ಕಡಿಮೆ ಬಿತ್ತು. ತುಂಬಿದರು. ಆಮೇಲೆ ಒಂದು ಗಮನಿಸಿದೆ. ಯಂತ್ರ ಎಣಿಸಿದ ಕಟ್ಟನ್ನು ಅವರು ಕೈಯಿಂದ ಮತ್ತೆ ಎಣಿಸುತ್ತಿದ್ದರು. ಬಟ್ಟನ್ನು ಒದ್ದೆ ಸ್ಪಂಜಿಗೆ ಒತ್ತಿ, ನೂರು ನೋಟು ಎಣಿಸಿ, ರಬ್ಬರ್ ಬ್ಯಾಂಡ್ ಹಾಕಿ, ಬದಿಗಿಟ್ಟು, ಮತ್ತೆ ಅದೇ ಕಟ್ಟು ತೆಗೆದು, ರಬ್ಬರ್ ಬಿಚ್ಚಿ, ಮೊದಲಿಂದ. ಸಾಲು ಬೆಳೆಯುತ್ತಿತ್ತು. ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದು, "ಸರ್, ಒಂದ್ ತಾಸು ಯಾರರೆ ಕೌಂಟರ್ ನೋಡ್ಕೊಂಡ್ರ ಚಲೋ ಆಗ್ತಿತ್ರಿ" ಎಂದರು. ನಾನು ಫೋನಿನಲ್ಲಿದ್ದೆ. ಕೈ ಅಡ್ಡ ಹಿಡಿದು, "ಎಲ್ಲಾರಿಗೂ ಐತ್ರಿ ತ್ರಾಸು, ನಿಮಗೊಬ್ಬರಿಗೇನು?" ಎಂದೆ. ಬಾಗಿಲು ತೆರೆದಿತ್ತು. ಹೊರಗೆ ನಿಂತವರೂ ಕೇಳಿದರು.

ಅವರು ಮರಳಿ ಹೋಗಿ ಕೂತರು. ಮತ್ತೆ ಕೇಳಲಿಲ್ಲ. ಸುಮಾರು ಇಪ್ಪತ್ತು ದಿನದ ಮೇಲೆ ಅವರ ಮನೆಯಿಂದ ಫೋನ್ ಬಂತು. "ಸಾಹೇಬ್ರ, ರಾತ್ರಿ ಎದ್ದು ಕುಂತು ಹಾಸಿಗಿ ಮ್ಯಾಲ ಬಟ್ಟು ಆಡಸ್ತಾರ್ರಿ. ಏನ್ ಎಣಸ್ತೀರಿ ಅಂದ್ರ ಅಳ್ತಾರ್ರಿ."

ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ ಎಂದು ನನಗೆ ಆಗ ತಿಳಿಯಿತು, ಅದೂ ನಮ್ಮ ಶಾಖೆಯಲ್ಲಿ ಖಾತೆ ಇದ್ದ ಒಬ್ಬ ನರ್ಸ್ ಹೇಳಿದ ಮೇಲೆ. ಕ್ಯಾಷಿಯರ್ ಹೋದರು, ರಜೆ ತೆಗೆದುಕೊಂಡರು, ಎರಡು ತಿಂಗಳಲ್ಲಿ ಮರಳಿ ಬಂದರು. ಅವರು ಬರುವಷ್ಟರಲ್ಲಿ ನಾನು ಮಾಡಿದ ಘನಕಾರ್ಯ ಇಷ್ಟು: ನಗದು ಕೌಂಟರಿನಲ್ಲಿ ಎರಡು ತಾಸಿಗೊಮ್ಮೆ ಆಳು ಬದಲಾಗುವ ಹಾಗೆ ಇಬ್ಬರಿಗೆ ಹಂಚಿದೆ, ಊಟದ ಅರ್ಧ ತಾಸು ಯಾರ ಫೋನ್ ಬಂದರೂ ಬಾಗಿಲು ಎಳೆದೆ. ಒಂದು ಪೈಸೆ ಖರ್ಚಾಗಲಿಲ್ಲ. ನವೆಂಬರಿನಲ್ಲೇ ಮಾಡಬಹುದಿತ್ತು.

ನಿಮ್ಹಾನ್ಸ್ ಮುಂದಾಳಾಗಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ಶೇಕಡಾ 10.6 ಮಂದಿಗೆ ಆ ಹೊತ್ತಿನಲ್ಲಿ ಯಾವುದೋ ಒಂದು ಮಾನಸಿಕ ತೊಂದರೆ ಇದ್ದದ್ದು ಕಂಡುಬಂತು. ಹನ್ನೊಂದು ಜನರ ಶಾಖೆಯಲ್ಲಿ ಒಬ್ಬರ ಲೆಕ್ಕ. ಮ್ಯಾನೇಜರನಾದವನು ಬಾಕಿ ಸಾಲದ ಶೇಕಡಾವಾರು ಬಾಯಿಪಾಠ ಇಟ್ಟುಕೊಂಡಿರುತ್ತಾನೆ, ಈ ಲೆಕ್ಕ ಯಾವ ರಿಟರ್ನಿನಲ್ಲೂ ಕೇಳುವುದಿಲ್ಲ.

ಇನ್ನು ನಮ್ಮ ನೆರೆಯ ಬ್ಯಾಡಗಿ. ಸೋಮವಾರ, ಗುರುವಾರ ಮೆಣಸಿನಕಾಯಿ ಮಾರುಕಟ್ಟೆ. ಎತ್ತಿಗೆ ರಜೆ ಇರುವ ದಿನವೇ ಹಮಾಲರಿಗೆ ಬೆನ್ನು ಮುರಿಯುವಷ್ಟು ಕೆಲಸ, ನೋಡಿ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ ಎಂದು ಜಗತ್ತಿಗೆ ಗೊತ್ತು. ತುಟಿಗೆ ಹಚ್ಚುವ ಬಣ್ಣದವರೆಗೂ ಅದರ ಕೆಂಪು ಹೋಗುತ್ತದೆ. ಖಾರ ಕಡಿಮೆ ಎಂಬ ಮಾತನ್ನು ತುಂಬು ಬಿಡಿಸುವ, ಅಂದರೆ ತೊಟ್ಟು ಮುರಿಯುವ ಹೆಣ್ಣುಮಕ್ಕಳ ಮುಂದೆ ಆಡಬೇಡಿ. ಸೀರೆಯ ಸೆರಗನ್ನು ಮೂಗಿಗೆ ಸುತ್ತಿಕೊಂಡು, ರಾಶಿಯ ಸುತ್ತ ಕುಕ್ಕರಗಾಲಲ್ಲಿ ಕೂತು, ದಿನವಿಡೀ ಘಾಟು ಕುಡಿಯುತ್ತಾರೆ. ಕೂಲಿ ಕಿಲೋ ಲೆಕ್ಕ. ಕೈ ನಿಂತರೆ ಕೂಲಿ ನಿಂತಿತು. ಆದರೂ ನಾನು ಕಂಡಂತೆ ಅಲ್ಲಿ ಒಂದು ಸುಖ ಇದೆ, ಬ್ಯಾಂಕಿನ ಗಾಜಿನ ಹಿಂದೆ ಇಲ್ಲದ್ದು: ಬಾಯಿ ಖಾಲಿ ಇರುತ್ತದೆ. ಕೈ ತುಂಬು ಮುರಿಯುತ್ತಿರುವಾಗ ಬಾಯಿ ಅತ್ತೆಯದನ್ನೂ ಸೊಸೆಯದನ್ನೂ ಆಡುತ್ತದೆ. ಒಬ್ಬಳು ಎರಡು ದಿನ ಬಾರದಿದ್ದರೆ ಮೂರನೆಯ ದಿನ ಇನ್ನೊಬ್ಬಳು ಅವಳ ಬಾಗಿಲಿಗೆ ಹೋಗಿ, "ಯಾಕವಾ, ಏನಾತು?" ಎನ್ನುತ್ತಾಳೆ. ದೊಡ್ಡ ಕಂಪನಿಗಳು ಸಂಬಳ ಕೊಟ್ಟು ಇಟ್ಟುಕೊಳ್ಳುವ ಸಲಹೆಗಾರರ ಮೊದಲ ಪ್ರಶ್ನೆಯೂ ಇದೇ.

ಆದರೆ ಆ ಆವರಣದ ಇನ್ನೊಂದು ದಿನವನ್ನೂ ಮರೆಯಲಾಗದು. 2024ರ ಮಾರ್ಚ್ 11, ಸೋಮವಾರ. ದರ ಒಮ್ಮೆಲೇ ಬಿತ್ತು. ದೂರದೂರಿನಿಂದ ಚೀಲ ಹೇರಿಕೊಂಡು ಬಂದ ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದರು, ಕಲ್ಲು ತೂರಿದರು, ವಾಹನಗಳಿಗೆ ಬೆಂಕಿ ಬಿತ್ತು. ವರ್ಷದ ದುಡಿಮೆ ಒಂದು ಹಗಲಲ್ಲಿ ಅರ್ಧಕ್ಕಿಳಿಯುವುದನ್ನು ಕಂಡವನ ತಲೆ ಬಿಸಿಯಾಗುವುದು ನನಗೆ ಅರ್ಥವಾಗುತ್ತದೆ, ಬೆಂಕಿ ಒಪ್ಪಿಗೆಯಲ್ಲ. ಮರುದಿನದ ಸುದ್ದಿಗಳಲ್ಲಿ ಸುಟ್ಟ ಗಾಡಿಗಳ ಲೆಕ್ಕ ಓದಿದೆ, ಬಂಧನದ ಲೆಕ್ಕ ಓದಿದೆ. ಹೊಗೆಯಲ್ಲಿ ಓಡಿ ತಪ್ಪಿಸಿಕೊಂಡ ಗುಮಾಸ್ತನೊಬ್ಬ ಮತ್ತೆ ಬಂದು ಅದೇ ಮೇಜಿಗೆ ಕೂತಾಗ, ಹೊರಗೆ ಯಾರೋ ಜೋರಾಗಿ ಕೂಗಿದರೆ ಅವನ ಎದೆ ಏನಾಗುತ್ತದೆ ಎಂಬುದು ನಾನು ಓದಿದ ಸುದ್ದಿಗಳಲ್ಲಿ ಇರಲಿಲ್ಲ. ಗೋಡೆಗೆ ಸುಣ್ಣ ಹೊಡೆಸುವಷ್ಟೇ ತುರ್ತಾಗಿ ಆ ಸಿಬ್ಬಂದಿಯನ್ನು ಕೂರಿಸಿಕೊಂಡು ಮಾತಾಡಿಸಬೇಕು. ಇಂಥ ಅನಾಹುತ ಎಲ್ಲಿ ನಡೆದರೂ ಹೀಗೆಯೇ.

ಬ್ಯಾಡಗಿ ಮೆಣಸಿನಕಾಯಿಯ ಊರಾದರೆ ನಮ್ಮ ರಾಣೆಬೆನ್ನೂರು ಬೀಜದ ಊರು. ಸುತ್ತಲಿನ ಹಳ್ಳಿಗಳಲ್ಲಿ ಹತ್ತಿ, ಟೊಮ್ಯಾಟೊ, ಮೆಣಸಿನಕಾಯಿಯ ಹೈಬ್ರಿಡ್ ಬೀಜ ಬೆಳೆಯುತ್ತಾರೆ, ಬಲೆ ಕಟ್ಟಿದ ಚಪ್ಪರಗಳಲ್ಲೂ ಬಯಲಲ್ಲೂ. ಆ ಕೆಲಸಕ್ಕೆ ನಮ್ಮ ಕಡೆ ಕ್ರಾಸಿಂಗ್ ಎಂದೇ ಹೆಸರು. ಸಂಜೆ ಹೊತ್ತು, ನಾಳೆ ಅರಳಬೇಕಾದ ಮೊಗ್ಗನ್ನು ಹುಡುಕಿ, ಮೆಲ್ಲಗೆ ಬಿಡಿಸಿ, ಒಳಗಿನ ಕೇಸರಗಳನ್ನೆಲ್ಲ ತೆಗೆದು ಗುರುತು ಕಟ್ಟಬೇಕು. ಮುಂಜಾನೆ ಬಂದು ಗಂಡು ಗಿಡದ ಪರಾಗ ಮುಟ್ಟಿಸಬೇಕು. ಒಂದು ಕೇಸರ ಉಳಿದರೂ ಹೂ ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟಿಬಿಡುತ್ತದೆ, ಬೀಜ ಕಲಬೆರಕೆ. ಕಂಪನಿ ಅದನ್ನು ಬಿತ್ತಿ, ಬೆಳೆಸಿ ನೋಡಿ, ಪಾಸು ಫೇಲು ಹೇಳುತ್ತದೆ. ಅಲ್ಲಿಯವರೆಗೆ ತಿಂಗಳುಗಟ್ಟಲೆ ಪೂರ್ತಿ ಹಣ ಬರುವುದಿಲ್ಲ. ಬೆಳೆಗಾರನ ಎದೆಬಡಿತ ಕೂಲಿಯವಳ ಬೆರಳ ತುದಿಗೆ ಇಳಿಯುವುದು ಹೀಗೆ. ಅವನು ಕಣ್ಣು ಕೆಂಪಗೆ ಮಾಡಿಕೊಂಡು ಸಾಲುಗಳ ನಡುವೆ ತಿರುಗುತ್ತಾನೆ, ಅವಳು ಉಸಿರು ಹಿಡಿದು ಮೊಗ್ಗು ಬಿಡಿಸುತ್ತಾಳೆ. ಹೂವಿಗೆ ಭಾನುವಾರ ಇಲ್ಲ. ಅದು ಅರಳುವ ದಿನ ಅರಳುತ್ತದೆ. 2025ರಲ್ಲಿ ನಮ್ಮ ರಾಜ್ಯ ಸರ್ಕಾರ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆ ಎಂದಿತು. ಒಳ್ಳೆಯ ಮಾತು. ಕಚೇರಿ, ಕಾರ್ಖಾನೆಗಳ ಹಾಜರಿ ಪುಸ್ತಕಕ್ಕೆ ಅದು ಇಳಿದೀತು. ಈ ಚಪ್ಪರದಲ್ಲಿ ಹಾಜರಿ ಪುಸ್ತಕವೇ ಇಲ್ಲ.

ನೀವು ಕೇಳಬಹುದು, ಹಿಂದಿನವರು ಇದಕ್ಕಿಂತ ಹೆಚ್ಚು ದುಡಿಯಲಿಲ್ಲವೇ ಎಂದು. ದುಡಿದರು. ಅದಕ್ಕೇ ಜಗಳವನ್ನೂ ಮಾಡಿದರು. ಇವತ್ತು ಎಲ್ಲರೂ ಹಾಯಾಗಿ ಅನುಭವಿಸುವ ಭಾನುವಾರವನ್ನು ಮುಂಬಯಿ ಗಿರಣಿ ಕಾರ್ಮಿಕರಿಗೆ ಕೊಡಿಸಲು ನಾರಾಯಣ ಮೇಘಾಜಿ ಲೋಖಂಡೆ ಎಂಬುವರು ವರ್ಷಗಟ್ಟಲೆ ಬಡಿದಾಡಿದರು, 1890ರಲ್ಲಿ ಅದು ಸಿಕ್ಕಿತು. 1948ರ ಕಾರ್ಖಾನೆ ಕಾಯ್ದೆಯಲ್ಲಿ ನನಗೆ ಬಹಳ ಇಷ್ಟವಾದ ಒಂದು ಕಲಮು ಇತ್ತು: ನಿಂತು ದುಡಿಯುವವರಿಗೆ, ನಡುವೆ ಬಿಡುವು ಸಿಕ್ಕಾಗ ಕೂರಲು ಆಸನ ಇರಬೇಕು. ಅದು ಕಾರ್ಖಾನೆಗೆ. ಜವಳಿ ಅಂಗಡಿಯಲ್ಲಿ ದಿನವಿಡೀ ನಿಲ್ಲುವ ಹುಡುಗಿಯರಿಗಾಗಿ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಬೇರೆಯೇ ಕಾನೂನು ತಿದ್ದಬೇಕಾಯಿತು. ಒಂದು ಸ್ಟೂಲಿಗಾಗಿ ವಿಧಾನಸಭೆ ಕೂರಬೇಕು! ಮುಂದಿನ ಸಲ ನೀವು ಸೀರೆ ತೆಗೆಸಲು ಹೋದಾಗ, ಮೇಲಿನ ಖಾನೆಯಿಂದ ಮೂವತ್ತನೆಯ ಸೀರೆ ಇಳಿಸುವ ಹುಡುಗಿಯ ಹಿಂದೆ ಸ್ಟೂಲು ಇದೆಯೇ ನೋಡಿ.

2023ರಲ್ಲಿ ಎನ್. ಆರ್. ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ತಾಸು ದುಡಿಯಬೇಕು ಎಂದಾಗ ಹಲವರು ನಮ್ಮ ಶರಣರ ಕಾಯಕ ತತ್ವವನ್ನು ಅದರ ಬೆನ್ನಿಗೆ ಕಟ್ಟಿದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಅಂಬಿಗರ ಚೌಡಯ್ಯ ನಮ್ಮ ತಾಲ್ಲೂಕಿನವನು, ತುಂಗಭದ್ರೆಯ ದಂಡೆಯ ಚೌಡಯ್ಯದಾನಪುರಕ್ಕೆ ಅವನದೇ ಹೆಸರು. ದೋಣಿಗೆ ಎಷ್ಟು ಜನ ಹಿಡಿಸುತ್ತಾರೆ ಎಂದು ತಿಳಿಯದೆ ಅಂಬಿಗ ಆಗಲಾರ. ಇನ್ನು ಆಯ್ದಕ್ಕಿ ಮಾರಯ್ಯ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವ ಅವನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಮರಳಿ ಕಳಿಸಿದವಳು ಹೆಂಡತಿ ಲಕ್ಕಮ್ಮ. ಟಾರ್ಗೆಟ್ ದಾಟಿದವನನ್ನು ಬಾಗಿಲಲ್ಲೇ ನಿಲ್ಲಿಸಿದಳು! ಕಾಯಕದ ಹೆಸರಿನಲ್ಲಿ ತಾಸು ಹೆಚ್ಚಿಸುವವರು ಈ ಕತೆಯನ್ನು ಹೇಳುವುದಿಲ್ಲ. ಖಿನ್ನತೆ, ಆತಂಕಗಳಿಂದ ಜಗತ್ತಿನಲ್ಲಿ ವರ್ಷಕ್ಕೆ 1,200 ಕೋಟಿ ಕೆಲಸದ ದಿನಗಳು ಹಾಳಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಹೆಚ್ಚಿಸಿದ ತಾಸುಗಳು ಎಲ್ಲಿ ಸೋರಿ ಹೋಗುತ್ತವೆ ಎಂಬುದಕ್ಕೆ ಇದೂ ಒಂದು ಉತ್ತರ.

ಸಹಾಯ ಎಲ್ಲಿದೆ ಎಂದೂ ಹೇಳಬೇಕು. ಅದು ನಾವು ತಿಳಿದುಕೊಂಡಷ್ಟು ದೂರ ಇಲ್ಲ. 1980ರ ದಶಕದಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಜ್ವರಕ್ಕೆ ಔಷಧಿ ಕೊಡುವ ಕಡೆಯೇ ಮನಸ್ಸಿಗೂ ಕೊಡಬಹುದು ಎಂದು ತೋರಿಸಿದರು. 1996ರಲ್ಲಿ ದೇಶ ಶುರುಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ನಾನು ಹೇಳಿದ ಮಂಗಳವಾರದ ವೈದ್ಯರು ನಮ್ಮ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದವರು. ಆಸ್ಪತ್ರೆಯ ತನಕ ಹೋಗಲು ಮುಜುಗರವಾದರೆ ಫೋನ್ ಇದೆ: 14416. ಒಂದು ನಾಲ್ಕು ನಾಲ್ಕು ಒಂದು ಆರು. ಟೆಲಿ ಮಾನಸ್ ಎಂದು ಅದರ ಹೆಸರು, 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ಜೀವವೇ ಬೇಡ ಎನ್ನಿಸುವಷ್ಟು ಬ್ಯಾಸರ ಆಗಿದ್ದರೆ ನಾಳೆಗೆ ಕಾಯಬೇಡಿ, ನನ್ನ ಈ ಮಾತು ಮುಗಿಯುವುದಕ್ಕೂ ಕಾಯಬೇಡಿ.

ಅಂಗಡಿ, ಗೋದಾಮು, ಕಚೇರಿ ನಡೆಸುವವರಿಗೆ ನನ್ನದೊಂದು ಮಾತು, ಸುಟ್ಟುಕೊಂಡವನ ಮಾತು. ಯೋಗ ಶಿಬಿರ ಮಾಡಿಸಿ, ಬೇಡ ಅನ್ನುವುದಿಲ್ಲ. ಅದಕ್ಕಿಂತ ಮೊದಲು ಸಂಬಳವನ್ನು ಹೇಳಿದ ತಾರೀಖಿಗೆ ಕೊಡಿ. ಬೈಯಬೇಕಾದರೆ ಬಾಗಿಲು ಮುಚ್ಚಿ ಬೈಯಿರಿ. ರಾತ್ರಿ ಒಂಬತ್ತರ ಮೇಲೆ ಫೋನ್ ಮಾಡಿ ನಾಳೆಯ ಲೆಕ್ಕ ಕೇಳಬೇಡಿ. ಗುಳಿಗೆ ತೆಗೆದುಕೊಂಡು ಮರಳಿ ಬಂದವನಿಗೆ ಅವನ ಕುರ್ಚಿ ಇರಲಿ, ಅವನ ಹಿಂದೆ ಪಿಸುಮಾತು ಬೇಡ. ಮತ್ತೆ ಯಾರಾದರೂ ಬಾಗಿಲಿಗೆ ಬಂದು ಒಂದು ತಾಸು ಯಾರಾದರೂ ನೋಡಿಕೊಂಡರೆ ಚಲೋ ಆಗ್ತಿತ್ತು ಎಂದರೆ, ಕೈಯಲ್ಲಿರುವ ಫೋನ್ ಕೆಳಗಿಡಿ. ಆ ಕ್ಯಾಷಿಯರ್ ಈಗ ನಿವೃತ್ತರು. ಯುಗಾದಿಗೆ ಫೋನ್ ಮಾಡುತ್ತಾರೆ. ಆ ಮಧ್ಯಾಹ್ನದ ಮಾತನ್ನು ನಾವಿಬ್ಬರೂ ಎತ್ತುವುದಿಲ್ಲ.

ನಮ್ಮ ಮನೆಯ ಎತ್ತುಗಳು ಹೋಗಿ ಬಹಳ ಕಾಲವಾಯಿತು. ದನದ ಕೊಟ್ಟಿಗೆಯಲ್ಲಿ ಈಗ ಅಣ್ಣನ ಮಗನ ಟ್ರ್ಯಾಕ್ಟರ್ ನಿಲ್ಲುತ್ತದೆ. ಕಾರಹುಣ್ಣಿಮೆಗೆ ಅದಕ್ಕೂ ಒಂದು ಹಾರ ಹಾಕುತ್ತಾರೆ. ಕಳೆದ ಸೋಮವಾರ ಬೆಳಿಗ್ಗೆ ಅದನ್ನು ಹೊಡೆಯುವ ಹುಡುಗ ಕಣ್ಣು ಉಜ್ಜಿಕೊಳ್ಳುತ್ತ ಬಂದು ಗಾಲಿಯ ಗಾಳಿ ನೋಡುತ್ತಿದ್ದ. ಹಿಂದಿನ ರಾತ್ರಿ ಹನ್ನೊಂದರ ತನಕ ಹೊಲದಲ್ಲಿ ದೀಪ ಓಡಾಡುವುದನ್ನು ನಾನು ಮಾಳಿಗೆಯ ಮೇಲಿಂದ ಕಂಡಿದ್ದೆ.

"ನಿನಗ ಸೂಟಿ ಯಾವಾಗಪಾ ತಮ್ಮಾ?" ಎಂದೆ.

"ಡೀಸೆಲ್ ತೀರಿದಾಗ್ರಿ, ಕಾಕಾ" ಎಂದು ನಕ್ಕು, ಹತ್ತಿ ಕೂತು ಕೀಲಿ ತಿರುವಿದ.